ಆಶೀರ್ವಾದ ಒಬ್ಬನಿಗೆ, ಕರುಣೆ ಇನ್ನೊಬ್ಬನಿಗೆ

ಯೆಹೂದ್ಯರ ಹೊಸ ವರ್ಷದ ಹಬ್ಬದ ಹೆಸರು ರೋಷ್ ಹಶನಾ. ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ ಬರುತ್ತದೆ. ಅವತ್ತು ದೇವರು ನ್ಯಾಯಾಸನದ ಮೇಲೆ ಕೂರುತ್ತಾನೆ, ಒಬ್ಬೊಬ್ಬರ ಲೆಕ್ಕವನ್ನೂ ತೆಗೆದು ನೋಡುತ್ತಾನೆ ಅನ್ನುವುದು ಅವರ ನಂಬಿಕೆ. ಇಂಥ ದೊಡ್ಡ ದಿನ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಯಾವ ಭಾಗ ಓದುತ್ತಾರೆ ಗೊತ್ತಾ? ವರ್ಷದ ಮೊದಲ ದಿನ ಅಲ್ವಾ, ಸೃಷ್ಟಿಯ ಕಥೆ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದಲ್ಲ. ಓದುವುದು ಆದಿಕಾಂಡದ 21ನೇ ಅಧ್ಯಾಯ. ಅಬ್ರಹಾಮ ಅನ್ನುವವನು ಹೆಂಡತಿ ಸಾರಳ ಮಾತು ಕೇಳಿ, ತನಗೆ ಮಗನನ್ನು ಹೆತ್ತ ಒಬ್ಬ ದಾಸಿಯನ್ನೂ ಆ ಮಗನನ್ನೂ ಮನೆಯಿಂದ ಹೊರಗೆ ಹಾಕುವ ಕಥೆ.

ಅದು ಮುಗಿದ ಮೇಲೆ ಪ್ರವಾದಿಗಳ ಪುಸ್ತಕಗಳಿಂದ ಇನ್ನೊಂದು ಭಾಗ ಓದುತ್ತಾರೆ. ಅದು ಸಮುವೇಲನ ಮೊದಲ ಪುಸ್ತಕದ ಆರಂಭ. ಅಲ್ಲೂ ಒಬ್ಬ ಗಂಡ, ಇಬ್ಬರು ಹೆಂಡತಿಯರು. ಪೆನಿನ್ನಳಿಗೆ ಮಕ್ಕಳಿವೆ, ಹನ್ನಳಿಗೆ ಇಲ್ಲ. ವರ್ಷ ವರ್ಷವೂ ಜಾತ್ರೆಗೆ ಹೋದಾಗ ಪೆನಿನ್ನ ಅವಳನ್ನು ಚುಚ್ಚಿ ಚುಚ್ಚಿ ಅಳಿಸುತ್ತಾಳೆ, ಹನ್ನ ಊಟ ಬಿಡುತ್ತಾಳೆ. ಹೀಗೆ ವರ್ಷದ ಮೊದಲ ಬೆಳಿಗ್ಗೆ ಎರಡು ಮನೆಗಳ ಸವತಿ ಜಗಳ.

ಇದಕ್ಕೆ ಯೆಹೂದ್ಯರ ಧರ್ಮಗುರುಗಳಾದ ರಬ್ಬಿಗಳ ಚರ್ಚೆಗಳನ್ನು ಕೂಡಿಸಿದ ಹಳೆಯ ಗ್ರಂಥ ತಾಲ್ಮುದ್ ಒಂದು ಕಾರಣ ಕೊಡುತ್ತದೆ. ಬಂಜೆಯರೆನಿಸಿಕೊಂಡಿದ್ದ ಸಾರಳನ್ನೂ ಹನ್ನಳನ್ನೂ ದೇವರು ನೆನಪಿಸಿಕೊಂಡದ್ದು ಇದೇ ದಿನವಂತೆ. ಸರಿ, ಒಪ್ಪೋಣ. ಆದರೆ ಸಾರಳಿಗೆ ಮಗ ಹುಟ್ಟಿದ ಅಂತ ಹೇಳಿ ಅಲ್ಲಿಗೇ ಓದು ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ಆ ಸಂತೋಷದ ಬೆಲೆಯನ್ನು ಯಾರು ಕಟ್ಟಿದರು ಅನ್ನುವುದನ್ನೂ ಗಟ್ಟಿಯಾಗಿ ಓದುತ್ತಾರೆ.

ನಾನು ಪಾದ್ರಿಯೂ ಅಲ್ಲ, ರಬ್ಬಿಯೂ ಅಲ್ಲ. ಈ ಕಥೆಗಳನ್ನು ಇಷ್ಟಪಟ್ಟು ಓದುವವನು, ಅಷ್ಟೇ. ಹೀಬ್ರೂ ಧರ್ಮಗ್ರಂಥ ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಅನ್ನುವ ಭಾಗ. ಅದರ ಮೊದಲ ಪುಸ್ತಕ ಆದಿಕಾಂಡ, 50 ಅಧ್ಯಾಯ. 12ನೇ ಅಧ್ಯಾಯದಿಂದ ಕೊನೆಯವರೆಗೆ ಒಂದೇ ಕುಟುಂಬದ ನಾಲ್ಕು ತಲೆಮಾರಿನ ಕಥೆ. ನಾಲ್ಕರಲ್ಲಿ ಒಂದು ತಲೆಮಾರೂ ನೆಮ್ಮದಿಯಾಗಿ ಬಾಳಲಿಲ್ಲ. ಪ್ರತಿ ತಲೆಮಾರಲ್ಲೂ ಒಬ್ಬನಿಗೆ ಆಶೀರ್ವಾದ ಸಿಗುತ್ತದೆ, ವಂಶ ಅವನ ಹೆಸರಲ್ಲಿ ಮುಂದುವರಿಯುತ್ತದೆ. ಆದರೆ ಕರುಣೆ ಅದೇ ದಾರಿ ಹಿಡಿಯುವುದಿಲ್ಲ. ಬಹಳ ಸಲ ಅದು ಪಾಲು ಸಿಗದವರ ಕಡೆ ಹೋಗುತ್ತದೆ. ಆಯ್ಕೆ ಒಂದು ಕಡೆ, ಅಂತಃಕರಣ ಇನ್ನೊಂದು ಕಡೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಹಾಗರಳಿಂದಲೇ ಶುರು ಮಾಡೋಣ. ಅವಳು ಈಜಿಪ್ಟಿನವಳು, ಸಾರಳ ದಾಸಿ. ಅಬ್ರಹಾಮ ಮತ್ತು ಸಾರ ಕಾನಾನ್ ದೇಶಕ್ಕೆ ಬಂದು ಹತ್ತು ವರ್ಷವಾಗಿದೆ, ಮಕ್ಕಳಾಗಿಲ್ಲ. (ಆಗ ಅವರ ಹೆಸರು ಅಬ್ರಾಮ, ಸಾರಯ. ಸುಮ್ನೆ ಗೊಂದಲ ಬೇಡ, ಮುಂದೆ ಬಂದ ಹೆಸರನ್ನೇ ಹೇಳುತ್ತೇನೆ.) ಸಾರ ತಾನಾಗಿಯೇ ಗಂಡನಿಗೆ ಹೇಳುತ್ತಾಳೆ: ನನ್ನ ದಾಸಿಯನ್ನು ಕೂಡು, ಅವಳಿಂದಲಾದರೂ ನನ್ನ ಮಡಿಲು ತುಂಬಲಿ. ಹಾಗರಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವಳು ಬಸುರಿಯಾದಳು. ಆದ ಮೇಲೆ ಒಡತಿಯನ್ನು ನೋಡುವ ನೋಟ ಬದಲಾಯಿತು. ಸಾರಳಿಗೆ ಅದು ತಡೆಯಲಿಲ್ಲ, ಗಂಡನ ಮೇಲೆ ಹರಿಹಾಯ್ದಳು. ಅವನೇನು ಹೇಳಿದ? ‘ಅವಳು ನಿನ್ನ ದಾಸಿ, ನಿನ್ನ ಕೈಲಿದ್ದಾಳೆ. ನಿನಗೆ ಸರಿ ಅನ್ನಿಸಿದ್ದು ಮಾಡು.’ ನನಗೆ ಕೇಳಿದರೆ, ಅಬ್ರಹಾಮನ ಬಾಯಿಂದ ಬಂದ ಅತಿ ಸಣ್ಣ ಮಾತು ಇದು.

ಒಂದು ವಿಷಯ ಗಮನಿಸಿ. ಇಡೀ ಕಥೆಯಲ್ಲಿ ಸಾರಳಾಗಲಿ ಅಬ್ರಹಾಮನಾಗಲಿ ಹಾಗರಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವರ ಬಾಯಲ್ಲಿ ಅವಳು ದಾಸಿ, ಅಷ್ಟೇ. ಹಿಂಸೆ ತಾಳಲಾರದೆ ಅವಳು ಓಡಿಹೋಗಿ ಶೂರಿನ ದಾರಿಯಲ್ಲಿ, ಒಂದು ಊಟೆಯ ಪಕ್ಕ ಕೂತಿರುತ್ತಾಳೆ. ಅಲ್ಲಿಗೆ ದೇವದೂತ ಬರುತ್ತಾನೆ. ಮೊದಲ ಸಲ ಯಾರೋ ಒಬ್ಬರು ಅವಳನ್ನು ‘ಹಾಗರ’ ಅನ್ನುತ್ತಾರೆ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅಂತ ಕೇಳುತ್ತಾರೆ. ಎಲ್ಲಿಂದ ಬಂದೆ ಅನ್ನುವುದಕ್ಕೆ ಅವಳ ಹತ್ತಿರ ಉತ್ತರ ಇದೆ. ಎಲ್ಲಿಗೆ ಅನ್ನುವುದಕ್ಕೆ ಇಲ್ಲ.

ಮುಂದಿನದು ಕಷ್ಟದ ಮಾತು. ವಾಪಸ್ ಹೋಗು, ಒಡತಿಗೆ ತಗ್ಗಿ ನಡೆ ಅನ್ನುತ್ತಾನೆ ದೂತ. ಇದು ಯಾವ ಸೀಮೆ ಕರುಣೆ ಅಂತ ನಮಗೆ ಅನ್ನಿಸಿದರೆ ತಪ್ಪಿಲ್ಲ. ನಾನು ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ನಿನ್ನ ಸಂತಾನ ಲೆಕ್ಕ ಹಾಕಲಾಗದಷ್ಟು ಬೆಳೆಯುತ್ತದೆ. ಅಬ್ರಹಾಮನಿಗೆ ಸಿಕ್ಕ ಮಾತೂ ಇದೇ ಥರದ್ದು. ಅದೀಗ ಒಬ್ಬ ಪರದೇಶಿ ದಾಸಿಗೆ, ಯಜಮಾನನ ಮಧ್ಯಸ್ತಿಕೆ ಇಲ್ಲದೆ, ದಾರಿ ಬದಿಯಲ್ಲಿ ಸಿಗುತ್ತಿದೆ. ಅವಳು ಆ ದೇವರಿಗೆ ಒಂದು ಹೆಸರು ಇಡುತ್ತಾಳೆ: ನನ್ನನ್ನು ನೋಡುವ ದೇವರು. ಆ ಬಾವಿಗೆ ಬೇರ್ ಲಹೈರೋಯಿ ಅಂತ ಹೆಸರಾಯಿತು. ಈ ಬಾವಿಯನ್ನು ನೆನಪಿಟ್ಟುಕೊಳ್ಳಿ.

ಇಲ್ಲಿ ರಾಂಬಾನ್ ಅನ್ನುವ ವ್ಯಾಖ್ಯಾನಕಾರನ ಮಾತು ಹೇಳಲೇಬೇಕು. 13ನೇ ಶತಮಾನ, ಸ್ಪೇನಿನ ಗಿರೋನಾ ಊರಿನವನು. ತನ್ನ ಕುಲದ ಮೂಲಮಾತೆಯ ಬಗ್ಗೆ ಅವನು ನೇರವಾಗಿ ಬರೆಯುತ್ತಾನೆ: ಈ ಹಿಂಸೆಯಿಂದ ನಮ್ಮ ತಾಯಿ ಪಾಪ ಮಾಡಿದಳು, ಅದಕ್ಕೆ ಬಿಟ್ಟುಕೊಟ್ಟ ಅಬ್ರಹಾಮನೂ ಪಾಪ ಮಾಡಿದ. ಹಾಗರಳ ಸಂಕಟವನ್ನು ದೇವರು ಕೇಳಿದ್ದರಿಂದಲೇ ಸಾರಳ ಸಂತಾನ ಮುಂದೆ ಕಷ್ಟಪಡಬೇಕಾಯಿತು ಅಂತಲೂ ಸೇರಿಸುತ್ತಾನೆ. ತಮ್ಮ ಹಿರಿಯರನ್ನು ಹೀಗೆ ತೂಗಿ ನೋಡುವ ಎದೆಗಾರಿಕೆ ಎಷ್ಟು ಸಂಪ್ರದಾಯಗಳಲ್ಲಿ ಸಿಗುತ್ತದೆ?

ಹಾಗರಳಿಗೆ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ. ಸಾರಳಿಗೆ ಇಸಾಕ ಹುಟ್ಟಿದಾಗ 100. ಇಸಾಕನಿಗೆ ಹಾಲು ಬಿಡಿಸಿದ ದಿನ ದೊಡ್ಡ ಔತಣ. ಅವತ್ತು ಇಷ್ಮಾಯೇಲ ನಗುವುದನ್ನೋ ಆಡುವುದನ್ನೋ ಸಾರ ಕಂಡಳು. ಏನು ಮಾಡುತ್ತಿದ್ದ ಅನ್ನುವುದು ಸ್ಪಷ್ಟವಿಲ್ಲ. ಅವಳ ಬಾಯಿಂದ ಬಂದ ಮಾತು ಮಾತ್ರ ಚೆನ್ನಾಗಿ ಸ್ಪಷ್ಟ: ಈ ದಾಸಿಯನ್ನೂ ಅವಳ ಮಗನನ್ನೂ ಓಡಿಸು, ನನ್ನ ಮಗನ ಜೊತೆ ಇವನಿಗೆ ಪಾಲು ಇಲ್ಲ. ಆಸ್ತಿ ವಿಷಯ. ಎಲ್ಲ ಕಾಲಕ್ಕೂ ಅದೇ ತಾನೇ.

ಅಬ್ರಹಾಮನಿಗೆ ನೋವಾಗುತ್ತದೆ. ಆಗ ದೇವರು, ಸಾರ ಹೇಳಿದ ಹಾಗೆ ಮಾಡು ಅನ್ನುತ್ತಾನೆ. ಇಸಾಕನೇ ವಂಶದವನು, ಆದರೆ ದಾಸಿಯ ಮಗನನ್ನೂ ಜನಾಂಗವಾಗಿ ಬೆಳೆಸುತ್ತೇನೆ, ಅವನೂ ನಿನ್ನ ಮಗನೇ. ಅಂದರೆ ಹೊರಗೆ ಕಳಿಸು ಅಂದವನೂ ಅವನೇ, ಹೊರಗೆ ಹೋದವರನ್ನು ಕಾಯುತ್ತೇನೆ ಅಂದವನೂ ಅವನೇ. ಇದನ್ನು ಸುಲಭವಾಗಿ ನುಂಗಲು ಆಗುವುದಿಲ್ಲ.

ಮುಂದೆ ನಡೆಯುವುದನ್ನು ಗ್ರಂಥ ಬಹಳ ಹತ್ತಿರದಿಂದ ತೋರಿಸುತ್ತದೆ. ಅಬ್ರಹಾಮ ಬೆಳಗಿನ ಜಾವ ಎದ್ದ. ರೊಟ್ಟಿ, ಒಂದು ಚರ್ಮದ ಚೀಲದಲ್ಲಿ ನೀರು. ಅವಳ ಹೆಗಲ ಮೇಲೆ ಇಟ್ಟ. ಕಳಿಸಿದ. ದನ, ಕುರಿ, ಬೆಳ್ಳಿ, ಬಂಗಾರ ಬೇಕಾದಷ್ಟಿದ್ದ ಮನುಷ್ಯ ಒಂದು ಕತ್ತೆಯನ್ನೂ ಜೊತೆಗೆ ಕೊಡಲಿಲ್ಲ. ಬೇರ್ಷೆಬದ ಕಾಡಿನಲ್ಲಿ ಅವಳು ದಾರಿ ತಪ್ಪಿದಳು. ನೀರು ಮುಗಿಯಿತು. ಮಗನನ್ನು ಒಂದು ಪೊದೆಯ ಕೆಳಗೆ ಬಿಟ್ಟು, ಬಾಣ ಬಿಟ್ಟರೆ ಬೀಳುವಷ್ಟು ದೂರ ಹೋಗಿ ಕೂತಳು. ಮಗ ಸಾಯುವುದನ್ನು ನಾನು ನೋಡಲಾರೆ ಅಂದಳು. ತೀರಾ ಪಕ್ಕದಲ್ಲಿ ಕೂರಲಾರಳು, ಬಿಟ್ಟು ದೂರ ಹೋಗಲಾರಳು. ಆ ದೂರವನ್ನು ಅಳೆದು ಹೇಳಿದವನು ಯಾರೋ, ತಾಯಂದಿರನ್ನು ಬಲ್ಲವನು.

ಅವಳು ಗಟ್ಟಿಯಾಗಿ ಅತ್ತಳು. ಆದರೆ ಗ್ರಂಥ ಹೇಳುವುದು, ದೇವರು ಹುಡುಗನ ದನಿ ಕೇಳಿದ ಅಂತ. ಹುಡುಗ ಅತ್ತದ್ದನ್ನು ನಮಗೆ ಹೇಳಿಯೇ ಇಲ್ಲ. ಅತ್ತವಳು ತಾಯಿ, ಕೇಳಿಸಿದ್ದು ಮಗನ ದನಿ. ದೂತ ಅವಳಿಗೆ, ಹೆದರಬೇಡ, ಹುಡುಗ ಇರುವ ಕಡೆಯಿಂದಲೇ ಅವನ ದನಿ ದೇವರಿಗೆ ಮುಟ್ಟಿದೆ ಅನ್ನುತ್ತಾನೆ. ಅವಳ ಕಣ್ಣು ತೆರೆಯಿತು, ಬಾವಿ ಕಂಡಿತು. ಹೊಸದಾಗಿ ಬಾವಿ ಹುಟ್ಟಿತು ಅಂತಿಲ್ಲ. ಕಂಡಿತು ಅಂತಿದೆ.

ರಬ್ಬಿಗಳು ಇಲ್ಲೊಂದು ಕಥೆ ಹೆಣೆದಿದ್ದಾರೆ. ಇಂಥ ಕಥೆ, ವ್ಯಾಖ್ಯಾನಗಳ ರಾಶಿಗೆ ಮಿದ್ರಾಷ್ ಅನ್ನುತ್ತಾರೆ. ದೇವದೂತರು ದೇವರ ಹತ್ತಿರ ವಾದ ಮಾಡಿದರಂತೆ: ಮುಂದೆ ಇವನ ವಂಶದವರು ನಿನ್ನ ಮಕ್ಕಳನ್ನು ಬಾಯಾರಿಕೆಯಿಂದ ಸಾಯಿಸುತ್ತಾರೆ, ಇವನಿಗೆ ನೀರು ಕೊಡುತ್ತೀಯಾ? ದೇವರು ಕೇಳಿದ: ಈಗ ಅವನು ಏನು? ನೀತಿವಂತನೋ, ಅಲ್ಲವೋ? ನೀತಿವಂತ ಅಂದರು. ಹಾಗಾದರೆ ಈಗ ಅವನು ಇರುವ ಹಾಗೆಯೇ ಅವನನ್ನು ತೀರ್ಮಾನಿಸುತ್ತೇನೆ ಅಂದ. ಲೆಕ್ಕ ನೋಡುವ ದಿನ ಈ ಅಧ್ಯಾಯ ಏಕೆ ಓದುತ್ತಾರೆ ಅನ್ನುವುದಕ್ಕೆ ನನಗೆ ಹಿಡಿಸುವ ಕಾರಣ ಇದು. ಮುಂದೆ ಏನು ಮಾಡಬಹುದು ಅನ್ನುವ ಭಯದಿಂದ ಇವತ್ತು ಬಾಯಾರಿದವನಿಗೆ ನೀರು ತಪ್ಪಿಸಬಾರದು.

ಬಾವಿ ನೆನಪಿದೆಯಲ್ಲ? ಅಬ್ರಹಾಮ ಸತ್ತ ಮೇಲೆ ಇಸಾಕ ಎಲ್ಲಿ ವಾಸ ಮಾಡಿದ ಅಂತ ಗ್ರಂಥ ಹೇಳುತ್ತದೆ: ಬೇರ್ ಲಹೈರೋಯಿಯ ಹತ್ತಿರ. ಅವನಿಗಾಗಿಯೇ ಮನೆಯಿಂದ ಹೊರಬಿದ್ದವಳ ಬಾವಿ ಅದು. ಇದಕ್ಕೆ ವಿವರಣೆ ಗ್ರಂಥದಲ್ಲಿಲ್ಲ. 11ನೇ ಶತಮಾನದ ಫ್ರಾನ್ಸಿನ ರಾಶಿ ಅನ್ನುವ ವ್ಯಾಖ್ಯಾನಕಾರ ಹಳೆಯ ಮಿದ್ರಾಷ್ ಹಿಡಿದು ಹೇಳುತ್ತಾನೆ: ತಂದೆಗೆ ಮತ್ತೆ ಮದುವೆ ಮಾಡಿಸಲು ಹಾಗರಳನ್ನು ಕರೆತರುವುದಕ್ಕೇ ಇಸಾಕ ಮೊದಲು ಆ ಕಡೆ ಹೋಗಿದ್ದ. ಸಾರ ಸತ್ತ ಮೇಲೆ ಅಬ್ರಹಾಮ ಕಟ್ಟಿಕೊಂಡ ಕೆಟೂರ ಅನ್ನುವವಳು ಬೇರೆ ಯಾರೂ ಅಲ್ಲ, ಹಾಗರಳೇ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಗ್ರಂಥದಲ್ಲೇ ಇರುವ ಒಂದು ಸಾಲು ಹೀಗಿದೆ: ಅಬ್ರಹಾಮ 175ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಸಾಕ, ಇಷ್ಮಾಯೇಲ ಇಬ್ಬರೂ ಸೇರಿ ಮಕ್ಪೇಲದ ಗವಿಯಲ್ಲಿ ಮಣ್ಣು ಮಾಡಿದರು.

ಮುಂದಿನ ತಲೆಮಾರು. ಯಾಕೋಬ, ಏಸಾವ ಅವಳಿಗಳು. ತಂದೆ ಇಸಾಕನಿಗೆ ಏಸಾವನ ಮೇಲೆ ಪ್ರೀತಿ, ಬೇಟೆಯ ಮಾಂಸ ತಂದುಕೊಡುತ್ತಾನಲ್ಲ. ತಾಯಿ ರೆಬೆಕ್ಕಳಿಗೆ ಯಾಕೋಬನ ಮೇಲೆ. ಹಸಿದು ಬಂದ ಅಣ್ಣನಿಂದ ಒಂದು ಬಟ್ಟಲು ಬೇಳೆಸಾರಿಗೆ ಹಿರಿತನ ಬರೆಸಿಕೊಂಡ ಕಥೆ ನಿಮಗೆ ಗೊತ್ತಿರಬಹುದು. ಕಣ್ಣು ಕಾಣದ ತಂದೆಯ ಮುಂದೆ ಮೇಕೆ ಚರ್ಮ ಸುತ್ತಿಕೊಂಡು ಅಣ್ಣನ ಹೆಸರು ಹೇಳಿ ಆಶೀರ್ವಾದ ಪಡೆದದ್ದೂ ಗೊತ್ತಿರಬಹುದು. ನಾನು ನಿಲ್ಲುವುದು ಏಸಾವ ಕಾಡಿನಿಂದ ಬಂದ ಗಳಿಗೆಯಲ್ಲಿ. ವಿಷಯ ತಿಳಿದು ಅವನು ಕಿರುಚಿಕೊಂಡ. ‘ಅಪ್ಪಾ, ನಿನ್ನ ಹತ್ತಿರ ಇರುವುದು ಒಂದೇ ಆಶೀರ್ವಾದವಾ? ನನಗೂ ಒಂದು ಕೊಡಪ್ಪಾ’ ಅಂತ ಅತ್ತ. ಗಂಡುಗಲಿ ಬೇಟೆಗಾರ ಮಗುವಿನಂತೆ ಅಳುವುದನ್ನು ಗ್ರಂಥ ಮುಚ್ಚಿಡುವುದಿಲ್ಲ. ಗೆದ್ದದ್ದು ಯಾಕೋಬ. ಓದುವವರ ಕರುಳು ಹೋಗುವುದು ಏಸಾವನ ಕಡೆ.

ಇದು ನಮಗೆ ಮಾತ್ರ ಅನ್ನಿಸಿದ್ದಲ್ಲ. ಎಸ್ತೇರಳ ಪುಸ್ತಕದಲ್ಲಿ, ಶೂಷನ್ ಪಟ್ಟಣದಲ್ಲಿ ಯೆಹೂದ್ಯರನ್ನೆಲ್ಲ ಕೊಲ್ಲುವ ಆಜ್ಞೆ ಹೊರಟಾಗ ಮೊರ್ದೆಕೈ ಅನ್ನುವ ಯೆಹೂದ್ಯ ಕೂಡ ಹೀಗೇ ಕಿರುಚಿ ಅಳುತ್ತಾನೆ. ಯಾಕೋಬ ಏಸಾವನನ್ನು ಅಳಿಸಿದ ಸಾಲ ಅಲ್ಲಿ ತೀರಿತು ಅನ್ನುತ್ತದೆ ಒಂದು ಮಿದ್ರಾಷ್. ದಾಯಾದಿಯ ಕಣ್ಣೀರಿಗೂ ದೇವರ ಹತ್ತಿರ ಲೆಕ್ಕ ಇದೆ ಅಂತ ಯಾಕೋಬನ ವಂಶದವರೇ ಬರೆದುಕೊಂಡ ಮಾತಿದು.

ರೆಬೆಕ್ಕ ಮಗನನ್ನು ತನ್ನಣ್ಣ ಲಾಬಾನನ ಊರಿಗೆ ಕಳಿಸುತ್ತಾಳೆ. ಸ್ವಲ್ಪ ದಿನ ಇರು, ಅಣ್ಣನ ಸಿಟ್ಟು ಇಳಿದ ಮೇಲೆ ಕರೆಸಿಕೊಳ್ಳುತ್ತೇನೆ ಅನ್ನುತ್ತಾಳೆ. ಆ ಸ್ವಲ್ಪ ದಿನ 20 ವರ್ಷವಾಯಿತು. ತಾಯಿ ಮಗ ಮತ್ತೆ ಭೇಟಿಯಾದದ್ದು ಎಲ್ಲೂ ಇಲ್ಲ. ಅವಳು ಸತ್ತ ಸುದ್ದಿಯೂ ಇಲ್ಲ. ಅವಳ ದಾದಿ ದೆಬೋರ ಸತ್ತದ್ದನ್ನು ಮಾತ್ರ ಬರೆದಿದ್ದಾರೆ.

ಅಲ್ಲಿ ಲಾಬಾನ ಅಳಿಯನಿಗೆ ಸರಿಯಾದ ಮಾವನೇ ಸಿಕ್ಕ. ಲಾಬಾನನ ಕಿರಿಯ ಮಗಳು ರಾಹೇಲಳಿಗಾಗಿ ಏಳು ವರ್ಷ ದುಡಿದವನಿಗೆ ಮದುವೆ ರಾತ್ರಿ ಅಕ್ಕ ಲೇಯಳನ್ನು ಕೊಟ್ಟ. ಬೆಳಿಗ್ಗೆ ಯಾಕೋಬ ಜಗಳಕ್ಕೆ ಹೋದರೆ, ‘ಹಿರಿಯಳನ್ನು ಬಿಟ್ಟು ಕಿರಿಯಳನ್ನು ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ’ ಅಂದ. ಹಿರಿತನ ಕಿತ್ತುಕೊಂಡು ಬಂದವನಿಗೆ ಹೇಳಿದ ಮಾತಿದು. ಮಿದ್ರಾಷ್‌ನಲ್ಲಿ ಇನ್ನೂ ಖಾರವಾಗಿದೆ. ರಾತ್ರಿಯೆಲ್ಲ ರಾಹೇಲ ಅಂದರೆ ಓ ಅಂದೆಯಲ್ಲೇ, ಮೋಸಗಾತಿ ಅಂತ ಯಾಕೋಬ ಬೈದನಂತೆ. ಲೇಯ ಹೇಳಿದಳಂತೆ: ನಿಮ್ಮಪ್ಪ ಏಸಾವ ಅಂದಾಗ ನೀನು ಓ ಅನ್ನಲಿಲ್ಲವಾ? ಗುರುವಿಲ್ಲದೆ ಶಿಷ್ಯ ಉಂಟಾ?

20 ವರ್ಷದ ನಂತರ ಯಾಕೋಬ ಹೆಂಡತಿಯರು, ಮಕ್ಕಳು, ಮಂದೆಗಳ ಜೊತೆ ಊರಿಗೆ ಹೊರಟ. ಅಣ್ಣ 400 ಜನರ ಜೊತೆ ಎದುರು ಬರುತ್ತಿದ್ದಾನೆ ಅನ್ನುವ ಸುದ್ದಿ ಬಂತು. ಜೀವ ಬಾಯಿಗೆ ಬಂತು. ಮೊದಲು ಪ್ರಾರ್ಥನೆ, ಆಮೇಲೆ ಕಾಣಿಕೆ. ಮೇಕೆ 220, ಕುರಿ 220, ಹಾಲು ಕೊಡುವ ಒಂಟೆ ಮರಿಗಳ ಸಮೇತ 30, ಹಸು 40, ಹೋರಿ 10, ಕತ್ತೆ 30. ಮರಿಗಳನ್ನು ಬಿಟ್ಟು 550 ಪ್ರಾಣಿ. ಒಂದೊಂದು ಹಿಂಡಿನ ನಡುವೆ ಅಂತರ ಬಿಟ್ಟು ಕಳಿಸಿದ. ಒಂದರ ಹಿಂದೆ ಒಂದು ಬಂದರೆ ಅಣ್ಣನ ಸಿಟ್ಟು ಹಂತ ಹಂತವಾಗಿ ಇಳಿಯಲಿ ಅನ್ನುವ ಲೆಕ್ಕಾಚಾರ.

ಆಮೇಲೆ ಮನೆಯವರನ್ನು ಸಾಲಾಗಿ ನಿಲ್ಲಿಸಿದ. ದಾಸಿಯರು ಮತ್ತು ಅವರ ಮಕ್ಕಳು ಎಲ್ಲರಿಗಿಂತ ಮುಂದೆ. ಅವರ ಹಿಂದೆ ಲೇಯ, ಅವಳ ಮಕ್ಕಳು. ಕಟ್ಟಕಡೆಗೆ ರಾಹೇಲ ಮತ್ತು ಅವಳ ಮಗ ಯೋಸೇಫ. ಕತ್ತಿ ಬೀಸಿದರೆ ಮೊದಲು ಯಾರ ಮೇಲೆ ಬೀಳುತ್ತದೆ ಅನ್ನುವುದು ಆ ಸಾಲಿನಲ್ಲಿ ನಿಂತ ಪ್ರತಿ ಮಗುವಿಗೂ ಗೊತ್ತಾಗಿರಬೇಕು. ಯೋಸೇಫನನ್ನು ಅಣ್ಣಂದಿರು ದ್ವೇಷಿಸಿದ್ದು ತಂದೆ ಪ್ರೀತಿಯಿಂದ ಕೊಟ್ಟ ಬಣ್ಣದ ಅಂಗಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೇನೋ ಅದು ಈ ಸಾಲಿನಲ್ಲೇ ಶುರುವಾಯಿತು ಅನ್ನಿಸುತ್ತದೆ.

ಯಾಕೋಬ ಎಲ್ಲರಿಗಿಂತ ಮುಂದೆ ಹೋಗಿ ಅಣ್ಣನಿಗೆ ಏಳು ಸಲ ನೆಲಕ್ಕೆ ಬಾಗಿದ. ಅವನು ಕದ್ದ ಆಶೀರ್ವಾದದಲ್ಲಿ ಏನಿತ್ತು? ನಿನ್ನ ಸಹೋದರರಿಗೆ ನೀನು ಒಡೆಯನಾಗು, ಅವರು ನಿನಗೆ ಅಡ್ಡಬೀಳಲಿ ಅಂತ. ಈಗ ಅಡ್ಡಬೀಳುತ್ತಿರುವವನು ಇವನು. ‘ಒಡೆಯಾ’ ಅನ್ನುತ್ತಿರುವವನೂ ಇವನು. ಏಸಾವ ಓಡಿ ಬಂದು ತಬ್ಬಿಕೊಂಡ, ಕೊರಳ ಮೇಲೆ ಬಿದ್ದು ಮುತ್ತಿಟ್ಟ. ಇಬ್ಬರೂ ಅತ್ತರು. ‘ನಿನ್ನ ಮುಖ ನೋಡುವುದು ದೇವರ ಮುಖ ನೋಡಿದ ಹಾಗಿದೆ’ ಅಂದ ಯಾಕೋಬ. ಮುಖಸ್ತುತಿ ಅನ್ನಬಹುದು. ಆದರೆ ಹಿಂದಿನ ರಾತ್ರಿಯೇ ಯಬ್ಬೋಕ್ ಹೊಳೆಯ ದಡದಲ್ಲಿ ಯಾರ ಜೊತೆಗೋ ಬೆಳಗಾಗುವವರೆಗೆ ಸೆಣಸಿ, ತೊಡೆಯ ಕೀಲು ತಪ್ಪಿ, ದೇವರ ಮುಖ ನೋಡಿಯೂ ಬದುಕಿದೆ ಅಂದವನು ಅವನು. ಸುಮ್ನೆ ಆಡಿದ ಮಾತಲ್ಲ.

ಹೀಬ್ರೂ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳಿಗೆ ತೋರಾ ಅನ್ನುತ್ತಾರೆ. ಅದರ ಕೈಬರಹದ ಸುರುಳಿಗಳಲ್ಲಿ ‘ಮುತ್ತಿಟ್ಟ’ ಅನ್ನುವ ಕಡೆ ಅಕ್ಷರಗಳ ಮೇಲೆ ಚುಕ್ಕೆಗಳಿವೆ. ಏಕೆ ಅಂತ ರಬ್ಬಿಗಳಲ್ಲಿ ವಾದ. ಮನಸ್ಸಿನಿಂದ ಕೊಟ್ಟ ಮುತ್ತಲ್ಲ ಅಂದರು ಕೆಲವರು. ಕಚ್ಚಲು ಬಂದಿದ್ದ ಅಂದವರೂ ಇದ್ದಾರೆ. ಶಿಮೋನ್ ಬರ್ ಯೋಹಾಯ್ ಅನ್ನುವ ರಬ್ಬಿ ಮಾತ್ರ, ಏಸಾವನಿಗೆ ಯಾಕೋಬನ ಮೇಲೆ ದ್ವೇಷ ಇರುವುದು ಎಲ್ಲರಿಗೂ ಗೊತ್ತು, ಆದರೆ ಆ ಗಳಿಗೆಯಲ್ಲಿ ಅವನಿಗೆ ಕರುಣೆ ಉಕ್ಕಿತು, ಪೂರ್ತಿ ಮನಸ್ಸಿನಿಂದಲೇ ಮುತ್ತಿಟ್ಟ ಅಂದ. ರೋಮನ್ನರ ಕಾಟದಿಂದ ತಲೆಮರೆಸಿಕೊಂಡು ಬದುಕಿದ ಮನುಷ್ಯ ಆತ ಅನ್ನುತ್ತದೆ ತಾಲ್ಮುದ್. ಆ ಕಾಲದ ರಬ್ಬಿಗಳ ಬಾಯಲ್ಲಿ ಏಸಾವ ಅಂದರೆ ರೋಮ್. ಹಾಗಿದ್ದೂ ಅವನು ಈ ಮಾತು ಹೇಳಿದ.

ರಾಜಿಯೇನೋ ಆಯಿತು. ಒಟ್ಟಿಗೆ ಹೋಗೋಣ ಬಾ ಅಂದ ಏಸಾವ. ಮಕ್ಕಳು ಎಳೆಯವು, ಮರಿಗಳಿವೆ, ನೀವು ನಡೆಯಿರಿ, ನಾನು ನಿಧಾನವಾಗಿ ಸೇಯೀರಿಗೆ ಬರುತ್ತೇನೆ ಅಂದ ಯಾಕೋಬ. ಹೋದದ್ದು ಸುಕ್ಕೋತಿಗೆ. ನಮ್ಮ ನೆಂಟರಿಷ್ಟರಲ್ಲೂ ಇಂಥ ‘ಆಮೇಲೆ ಬರ್ತೀನಿ’ಗಳನ್ನು ಕಂಡಿದ್ದೇವೆ, ಅಲ್ವಾ? ಕ್ಷಮಿಸಿದ ಮಾತ್ರಕ್ಕೆ ಒಂದೇ ಸೂರಿನಡಿ ಇರಬೇಕಾಗಿಲ್ಲ ಅಂತ ಗ್ರಂಥಕ್ಕೆ ಗೊತ್ತಿದೆ. ಮುಂದೆ ತಂದೆ ಇಸಾಕ ಸತ್ತಾಗ ಇಬ್ಬರೂ ಬಂದು ಮಣ್ಣು ಮಾಡಿದರು. ಎಷ್ಟೋ ಕಾಲದ ನಂತರ, ಯಾಕೋಬನ ವಂಶದವರು ಈಜಿಪ್ಟಿನಿಂದ ಬಿಡುಗಡೆಯಾಗಿ ಬರುವಾಗ ದೇವರು ಎಚ್ಚರಿಕೆ ಕೊಡುತ್ತಾನೆ: ಸೇಯೀರ್ ಬೆಟ್ಟ ಏಸಾವನಿಗೆ ಕೊಟ್ಟದ್ದು, ಅಲ್ಲಿ ಕಾಲಿಡುವಷ್ಟು ಜಾಗವೂ ನಿಮಗಿಲ್ಲ. ಅನ್ನ ನೀರು ಬೇಕಾದರೆ ದುಡ್ಡು ಕೊಟ್ಟು ಕೊಳ್ಳಿ. ಆಶೀರ್ವಾದ ಕಳೆದುಕೊಂಡವನ ಪಾಲನ್ನು ದೇವರೇ ಬೇಲಿ ಹಾಕಿ ಕಾಯುತ್ತಿದ್ದಾನೆ.

ಲೇಯಳ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ಗಂಡನಿಗೆ ಬೇಡವಾದವಳು ಅಂತ ದೇವರು ನೋಡಿದ, ಮಕ್ಕಳನ್ನು ಕೊಟ್ಟ. ಅವಳು ಮಕ್ಕಳು ಹುಟ್ಟಿದಾಗ ಮತ್ತೆ ಮತ್ತೆ, ಇನ್ನಾದರೂ ಗಂಡ ನನ್ನ ಕಡೆ ತಿರುಗುತ್ತಾನೆ ಅಂತ ಆಸೆಪಡುತ್ತಾಳೆ. ತಿರುಗುವುದಿಲ್ಲ. ದೇವರ ಕರುಣೆ ಗಂಡನ ಪ್ರೀತಿಯನ್ನು ಕೊಡಿಸಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ರಾಹೇಲ ಎಫ್ರಾತಿನ ದಾರಿಯಲ್ಲಿ ಹೆರಿಗೆಯಾಗುವಾಗ ಸತ್ತು, ದಾರಿ ಬದಿಯಲ್ಲೇ ಸಮಾಧಿಯಾದಳು. ಮಕ್ಪೇಲದ ಮನೆತನದ ಗವಿಯಲ್ಲಿ ಯಾಕೋಬನ ಜೊತೆ ಇರುವವಳು ಲೇಯ. ದಾವೀದ ರಾಜನ ವಂಶವೂ ಅವಳ ಮಗ ಯೆಹೂದನಿಂದಲೇ ಬಂತು.

ಇದರ ಜೊತೆಗೆ ಧರ್ಮೋಪದೇಶಕಾಂಡದ ಒಂದು ಕಾನೂನು ಇಟ್ಟು ನೋಡಿ. ಒಬ್ಬನಿಗೆ ಇಬ್ಬರು ಹೆಂಡತಿಯರಿದ್ದು, ಒಬ್ಬಳು ಬೇಕಾದವಳು, ಇನ್ನೊಬ್ಬಳು ಬೇಡವಾದವಳು ಆಗಿದ್ದರೆ, ಬೇಡವಾದವಳ ಮಗ ಮೊದಲು ಹುಟ್ಟಿದ್ದರೆ ಅವನಿಗೇ ಎರಡು ಪಾಲು ಕೊಡಬೇಕು. ಪ್ರೀತಿಯವಳ ಮಗನನ್ನು ಹಿರಿಯ ಅಂತ ಮಾಡುವ ಹಾಗಿಲ್ಲ. ಹೆಂಡತಿ ಬದುಕಿರುವಾಗ ಅವಳ ತಂಗಿಯನ್ನೋ ಅಕ್ಕನನ್ನೋ ಸವತಿಯಾಗಿ ತರಬಾರದು ಅನ್ನುತ್ತದೆ ಯಾಜಕಕಾಂಡ. ಎರಡೂ ಯಾಕೋಬ ಮಾಡಿದ್ದಕ್ಕೆ ಸರಿಯಾಗಿ ವಿರುದ್ಧ. ಮೂಲಪುರುಷನ ಸಂಸಾರವನ್ನೇ ಮಾಡಬಾರದ ಕೆಲಸದ ಮಾದರಿಯಾಗಿ ಇಟ್ಟುಕೊಂಡು ಬರೆದ ಹಾಗಿದೆ. ಈಜಿಪ್ಟಿನವನನ್ನು ಅಸಹ್ಯಪಡಬೇಡ, ಏಸಾವನ ಕುಲದ ಎದೋಮ್ಯನನ್ನೂ ಅಸಹ್ಯಪಡಬೇಡ, ಅವನು ನಿನ್ನ ಸಹೋದರ ಅಂತಲೂ ಆ ಕಾನೂನುಗಳಲ್ಲಿದೆ. ಕರುಣೆ ಇಲ್ಲಿ ಕಣ್ಣೀರಾಗಿ ಉಳಿಯಲಿಲ್ಲ, ಪಾಲು ಪಟ್ಟಿಯಾಯಿತು.

ಯೋಸೇಫನ ಕಥೆ ದೊಡ್ಡದು. ಪೂರ್ತಿ ಹೇಳುವುದಿಲ್ಲ. 17ರ ಹುಡುಗನನ್ನು ಅಣ್ಣಂದಿರು ನೀರಿಲ್ಲದ ಗುಂಡಿಗೆ ತಳ್ಳಿ, ಊಟಕ್ಕೆ ಕೂತರು. ಯೆಹೂದ ಹೇಳಿದ: ಕೊಂದರೆ ನಮಗೇನು ಲಾಭ, ಮಾರೋಣ. 20 ಬೆಳ್ಳಿ ನಾಣ್ಯ. ಕೊಂಡು ಹೋದ ವ್ಯಾಪಾರಿಗಳು ಇಷ್ಮಾಯೇಲ್ಯರು. ಹಾಗರಳ ವಂಶದವರು ಸಾರಳ ಮರಿಮಗನನ್ನು ಈಜಿಪ್ಟಿಗೆ ಸಾಗಿಸಿದರು. ಇನ್ನು ಮನೆಯಲ್ಲಿ ಅಂಗಿಗೆ ಮೇಕೆ ರಕ್ತ ಹಚ್ಚಿ ತಂದೆಗೆ ತೋರಿಸಿದರು. ಮೇಕೆ ಚರ್ಮದಿಂದ ಅಪ್ಪನನ್ನು ವಂಚಿಸಿದವನು ಮೇಕೆ ರಕ್ತದಿಂದ ವಂಚಿತನಾದ.

ಗುಂಡಿಯಲ್ಲಿದ್ದಾಗ ಯೋಸೇಫ ಕೂಗಿದನಾ? ಆ ಅಧ್ಯಾಯದಲ್ಲಿ ಒಂದು ದನಿಯೂ ಇಲ್ಲ. 20 ವರ್ಷ ದಾಟಿದ ಮೇಲೆ, ಕ್ಷಾಮದಲ್ಲಿ ಧಾನ್ಯ ಕೊಳ್ಳಲು ಈಜಿಪ್ಟಿಗೆ ಹೋಗಿ ಕಷ್ಟಕ್ಕೆ ಸಿಕ್ಕಿಕೊಂಡ ಅಣ್ಣಂದಿರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ: ಅವನು ಅಂಗಲಾಚಿದಾಗ ನಾವು ಕೇಳಲಿಲ್ಲ, ಅದಕ್ಕೇ ಇದು. ಆಗಲೇ ನಮಗೂ ಆ ಕೂಗು ಮೊದಲ ಸಲ ಕೇಳಿಸುವುದು. ಎದುರಿಗಿರುವ ಅಧಿಕಾರಿಗೆ ತಮ್ಮ ಭಾಷೆ ಬರುತ್ತದೆ ಅಂತ ಅವರಿಗೆ ಗೊತ್ತಿಲ್ಲ, ನಡುವೆ ದುಭಾಷಿ ಇದ್ದಾನೆ. ಆ ಅಧಿಕಾರಿಯೇ ಯೋಸೇಫ. ಅವನು ಆ ಕಡೆ ತಿರುಗಿ ಅಳುತ್ತಾನೆ.

ಯೋಸೇಫನೂ ಪೂರ್ತಿ ಒಳ್ಳೆಯವನಲ್ಲ. ಅಷ್ಟು ದೊಡ್ಡ ಅಧಿಕಾರದಲ್ಲಿದ್ದು ತಂದೆಗೆ ಒಂದು ಓಲೆ ಏಕೆ ಕಳಿಸಲಿಲ್ಲ? ಈಜಿಪ್ಟಿನಿಂದ ಹೆಬ್ರೋನಿಗೆ ಆರು ದಿನದ ದಾರಿ ಅಂತ ಅದೇ ರಾಂಬಾನ್ ಕೇಳುತ್ತಾನೆ. ಚೊಚ್ಚಲ ಮಗನಿಗೆ ಹೆಸರಿಡುವಾಗ, ತಂದೆಯ ಮನೆಯನ್ನೇ ದೇವರು ಮರೆಸಿದ ಅಂದವನು ಯೋಸೇಫ.

ಅವನನ್ನು ಕರಗಿಸಿದ್ದು ಯೆಹೂದನ ಮಾತು. ರಾಹೇಲಳ ಇನ್ನೊಬ್ಬ ಮಗ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ, ಅವನನ್ನು ದಾಸನಾಗಿ ಇಟ್ಟುಕೊಳ್ಳುತ್ತೇನೆ ಅಂತ ಯೋಸೇಫ ಹಟ ಹಿಡಿದಿದ್ದಾನೆ. ಯೆಹೂದ ಮುಂದೆ ಬಂದು ಮಾತಾಡುತ್ತಾನೆ. ಆದಿಕಾಂಡದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ಬೇಡಿಕೊಳ್ಳುವ ಅತಿ ದೊಡ್ಡ ಮಾತು ಇದು. ಅದರ ನಡುವೆ ಅಪ್ಪನ ಮಾತನ್ನು ಇದ್ದ ಹಾಗೇ ಒಪ್ಪಿಸುತ್ತಾನೆ: ‘ನನ್ನ ಹೆಂಡತಿ ನನಗೆ ಇಬ್ಬರು ಮಕ್ಕಳನ್ನು ಹೆತ್ತಳು, ಒಬ್ಬ ಹೋದ. ಇವನೂ ಹೋದರೆ ನಾನು ದುಃಖದಲ್ಲೇ ಸಾಯುತ್ತೇನೆ.’

ಒಂದು ಕ್ಷಣ ನಿಂತು ನೋಡಿ. ನನ್ನ ಹೆಂಡತಿ, ಇಬ್ಬರು ಮಕ್ಕಳು. ಹೇಳುತ್ತಿರುವ ಯೆಹೂದ ಯಾರು? ಲೇಯಳ ಮಗ. ಅಪ್ಪನ ಈ ಲೆಕ್ಕದಲ್ಲಿ ಅವನ ಅಮ್ಮ ಹೆಂಡತಿಯಲ್ಲ, ಅವನು ಮಗನಲ್ಲ. ಇದೇ ಪಕ್ಷಪಾತಕ್ಕೆ ಸಿಟ್ಟಾಗಿ ಹಿಂದೆ ತಮ್ಮನನ್ನು ಮಾರಿದವನು ಅವನು. ಈಗ ಆ ಮಾತನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ, ಸಿಟ್ಟಿಲ್ಲ. ಅಪ್ಪನಿಗೆ ಆ ಹುಡುಗ ಅಂದರೆ ಪ್ರಾಣ, ಅವನ ಬದಲು ನನ್ನನ್ನು ದಾಸನಾಗಿ ಇಟ್ಟುಕೋ ಅನ್ನುತ್ತಾನೆ. ಅಪ್ಪ ಬದಲಾಗಲಿಲ್ಲ. ಅಪ್ಪನ ತಪ್ಪನ್ನು ಹೊತ್ತುಕೊಳ್ಳುವಷ್ಟು ಮಗ ಬೆಳೆದ. ಈ ನಡುವೆ ಯೆಹೂದನೂ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದ, ಅದು 38ನೇ ಅಧ್ಯಾಯದಲ್ಲಿದೆ. ಉಳಿದ ಒಬ್ಬನನ್ನು ಅಪ್ಪಿಕೊಂಡು ಕೂರುವ ತಂದೆಯ ಭಯ ಏನೆಂದು ಅವನಿಗೆ ಗೊತ್ತಿತ್ತು. ಯೋಸೇಫನ ಕಟ್ಟೆ ಒಡೆಯುವುದು ಇಲ್ಲೇ. ‘ನಾನು ಯೋಸೇಫ, ಅಪ್ಪ ಇನ್ನೂ ಇದ್ದಾರಾ?’

ಇಡೀ ಪ್ರಕರಣದಲ್ಲಿ ದೇವರು ಯೋಸೇಫನ ಜೊತೆಗಾಗಲಿ ಅಣ್ಣಂದಿರ ಜೊತೆಗಾಗಲಿ ಒಂದು ಮಾತೂ ಆಡುವುದಿಲ್ಲ. ದೂತ ಬರುವುದಿಲ್ಲ, ಬಾವಿ ಕಾಣಿಸುವುದಿಲ್ಲ. ಹಾಗರಳಿಗೆ ದೇವರು ನೇರವಾಗಿ ಮಾಡಿದ್ದನ್ನು ಇಲ್ಲಿ ಮನುಷ್ಯರೇ ಒಬ್ಬರಿಗೊಬ್ಬರು ಮಾಡಬೇಕಾಗಿದೆ. ಅದೂ ಅರೆಬರೆ. ಯಾಕೋಬ ಸತ್ತ ಮೇಲೆ ಅಣ್ಣಂದಿರಿಗೆ ಮತ್ತೆ ಭಯ. ನಮ್ಮನ್ನು ಕ್ಷಮಿಸಬೇಕು ಅಂತ ಅಪ್ಪ ಸಾಯುವ ಮೊದಲು ಹೇಳಿದ್ದರು ಅಂತ ಹೇಳಿಕಳಿಸುತ್ತಾರೆ. ಅಪ್ಪ ಹಾಗೆ ಹೇಳಿದ್ದು ಎಲ್ಲೂ ಇಲ್ಲ. ಸುಳ್ಳು ಅಂತ ರಬ್ಬಿಗಳೂ ಒಪ್ಪುತ್ತಾರೆ, ಸಮಾಧಾನಕ್ಕಾಗಿ ಹೇಳಿದ ಸುಳ್ಳು, ನಡೆಯುತ್ತದೆ ಅನ್ನುತ್ತಾರೆ. ಯೋಸೇಫ ಅತ್ತ. ನಿಮ್ಮನ್ನೂ ಮಕ್ಕಳನ್ನೂ ನಾನು ಸಾಕುತ್ತೇನೆ ಅಂದ. ಕ್ಷಮಿಸಿದೆ ಅನ್ನುವ ಮಾತು ಮಾತ್ರ ಅವನ ಬಾಯಿಂದ ಬರುವುದೇ ಇಲ್ಲ. ಹುಡುಕಿ ನೋಡಿ.

ಕೊನೆಯದಾಗಿ ಒಂದು ಮಿದ್ರಾಷ್. ಯೆರೂಸಲೇಮಿನ ದೇವಾಲಯ ಸುಟ್ಟಿದೆ, ಜನರನ್ನು ಸೆರೆಹಿಡಿದು ಬಾಬೆಲಿಗೆ ಸಾಗಿಸುತ್ತಿದ್ದಾರೆ. ಅಬ್ರಹಾಮ, ಇಸಾಕ, ಯಾಕೋಬ, ಮೋಶೆ ಒಬ್ಬೊಬ್ಬರಾಗಿ ದೇವರ ಮುಂದೆ ಬಂದು ತಮ್ಮ ಪುಣ್ಯ ಎಣಿಸಿ ಹೇಳಿ, ಇವರನ್ನು ಕರುಣಿಸು ಅನ್ನುತ್ತಾರೆ. ದೇವರು ಕರಗುವುದಿಲ್ಲ. ಆಗ ರಾಹೇಲ ಬರುತ್ತಾಳೆ. ಅವಳು ಹೇಳುವುದು ಮದುವೆ ರಾತ್ರಿಯ ವಿಷಯ. ಅಪ್ಪ ಮೋಸ ಮಾಡುತ್ತಾನೆ ಅಂತ ಗೊತ್ತಿದ್ದು ನಾನೂ ಯಾಕೋಬನೂ ಗುರುತಿನ ಸನ್ನೆ ಮಾಡಿಕೊಂಡಿದ್ದೆವು. ಆಮೇಲೆ ಅಕ್ಕನಿಗೆ ಅವಮಾನವಾಗುತ್ತದಲ್ಲ ಅನ್ನಿಸಿ ಆ ಸನ್ನೆಗಳನ್ನು ಅವಳಿಗೇ ಹೇಳಿಕೊಟ್ಟೆ. ಅವನು ದನಿಯಲ್ಲಿ ಗುರುತು ಹಿಡಿಯದಿರಲಿ ಅಂತ ಮಂಚದ ಕೆಳಗೆ ಮಲಗಿ ಅವಳ ಬದಲು ನಾನೇ ಉತ್ತರ ಕೊಟ್ಟೆ. ಮಣ್ಣಿನಿಂದ ಆದ ನಾನು ಸವತಿಯ ಮೇಲಿನ ಹೊಟ್ಟೆಕಿಚ್ಚನ್ನು ನುಂಗಿಕೊಂಡೆ. ನಿನಗೇಕೆ ಆ ಮರ, ಕಲ್ಲಿನ ದೇವರುಗಳ ಮೇಲೆ ಹೊಟ್ಟೆಕಿಚ್ಚು? ದೇವರು ಕರಗಿದ. ನಿನಗಾಗಿ ಇವರನ್ನು ವಾಪಸ್ ಕರೆತರುತ್ತೇನೆ ಅಂದ. ಯೆರೆಮೀಯನ ಪುಸ್ತಕದಲ್ಲಿ ಮಕ್ಕಳಿಗಾಗಿ ಅಳುವ ರಾಹೇಲಳಿಗೆ ದೇವರು ಹೇಳುವ ಸಮಾಧಾನದ ಮಾತಿಗೆ ರಬ್ಬಿಗಳು ಕೊಟ್ಟ ಹಿನ್ನೆಲೆ ಇದು. ಹಿರಿಯರ ತಪಸ್ಸು, ತ್ಯಾಗಗಳಿಗೆ ಜಗ್ಗದ ದೇವರು ಅಕ್ಕ ತಂಗಿಯರ ನಡುವಿನ ಒಂದು ರಾತ್ರಿಯ ಮರ್ಯಾದೆಗೆ ಜಗ್ಗಿದ. ದೇವರಿಗೆ ಕರುಣೆ ಕಲಿಸಿಕೊಟ್ಟದ್ದು ಒಂದು ಮನೆಜಗಳ ಅಂತ ಹೇಳುವ ಧೈರ್ಯ ಆ ಕಥೆಗಾರನಿಗಿತ್ತು.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು. ಯಾಕೋಬನ ಮಗಳು ದೀನಳ ಕಥೆಯನ್ನು ಏಕೆ ಬಿಟ್ಟಿರಿ, ಅವಳ ಹತ್ತಿರ ಯಾವ ದೂತ ಬಂದ?

ಯಾರೂ ಬರಲಿಲ್ಲ. 34ನೇ ಅಧ್ಯಾಯದಲ್ಲಿ ಶೆಕೆಮ್ ಊರಿನ ಒಡೆಯನ ಮಗ ಅವಳನ್ನು ಕೆಡಿಸುತ್ತಾನೆ. ಅವಳ ಅಣ್ಣಂದಿರು ಸಿಮೆಯೋನ, ಲೇವಿ ಆ ಊರಿನ ಗಂಡಸರನ್ನೆಲ್ಲ ಕೊಲ್ಲುತ್ತಾರೆ. ತಂದೆಗೆ ಅಕ್ಕಪಕ್ಕದವರು ಮೇಲೆ ಬೀಳುತ್ತಾರೆ ಅನ್ನುವ ಚಿಂತೆ. ದೀನ ಒಂದು ಮಾತೂ ಆಡುವುದಿಲ್ಲ, ಕೆಡಿಸಿದವನನ್ನು ಬಿಟ್ಟರೆ ಅವಳನ್ನು ಯಾರೂ ಮಾತಾಡಿಸುವುದೂ ಇಲ್ಲ. ದೇವರ ಹೆಸರೂ ಆ ಅಧ್ಯಾಯದಲ್ಲಿಲ್ಲ. ಆಮೇಲೆ ಅವಳು ಕಾಣುವುದು ಈಜಿಪ್ಟಿಗೆ ಹೋದವರ ಪಟ್ಟಿಯಲ್ಲಿ, ಒಂದು ಹೆಸರಾಗಿ. ನಾನು ಹೇಳಿದ ಮಾತು ಇಲ್ಲಿ ನಡೆಯುವುದಿಲ್ಲ ಅಂತ ಒಪ್ಪಿಕೊಂಡೆ. ಮಿದ್ರಾಷ್ ಬರೆದವರಿಗೂ ಇದು ನುಂಗಲಾರದ ತುತ್ತಾಗಿತ್ತು ಅನ್ನಿಸುತ್ತದೆ. ಸಿಮೆಯೋನ ಅವಳನ್ನು ತನ್ನ ಆಸರೆಗೆ ಕರೆದುಕೊಂಡ ಅಂದರು ಕೆಲವರು. ಅವಳಿಗೆ ಹುಟ್ಟಿದ ಮಗಳೇ ಮುಂದೆ ಈಜಿಪ್ಟಿನಲ್ಲಿ ಯೋಸೇಫನ ಹೆಂಡತಿ ಆಸೆನತ್ ಆದಳು ಅಂದರು ಇನ್ನು ಕೆಲವರು. ಹೀಗೆ ಅವಳಿಗೊಂದು ನೆಲೆ ಹುಡುಕಿಕೊಟ್ಟರು. ಆದಿಕಾಂಡದಲ್ಲಿ ಮಾತ್ರ ಅದು ಇಲ್ಲ.